ಎರಡು ಗಿಡ್ಡ, ಒಂದು ಉದ್ದ

"ಈ ಪ್ರವಾಸದಲ್ಲಿ ಒಂದೇ ಒಂದು ತಪ್ಪೂ ಆಗುವುದಿಲ್ಲ!"

ಹೀಗೆಂದು ನಾನು ಘಂಟಾಘೋಷವಾಗಿ ಸಾರಿದ್ದು ನಮ್ಮ ಅಡುಗೆಮನೆಯ ಫ್ರಿಜ್ಜಿನ ಮುಂದೆ. ಮನುಷ್ಯರ ಮುಂದೆ ಘೋಷಣೆ ಮಾಡುವ ಅಭ್ಯಾಸ ನನಗಿಲ್ಲ. ಫ್ರಿಜ್ಜು ತಾಳ್ಮೆಯಿಂದ ಕೇಳುತ್ತದೆ, ನಡುವೆ ಪ್ರಶ್ನೆ ಹಾಕುವುದಿಲ್ಲ, ಮುಗಿದ ಮೇಲೆ ಗುರ್ ಎಂದು ಒಪ್ಪಿಗೆಯನ್ನೂ ಸೂಚಿಸುತ್ತದೆ. ಆದರೆ ಪಕ್ಕದಲ್ಲೇ ತೆಂಗಿನಕಾಯಿ ತುರಿಯುತ್ತಿದ್ದ ಅಮ್ಮನಿಗೂ ಅದು ಕೇಳಿಸಿಬಿಟ್ಟಿತು.

"ಯಾರ ಹತ್ರ ಮಾತಾಡ್ತಿದ್ದಿ?"

"ಯಾರ ಹತ್ರವೂ ಇಲ್ಲ."

"ಹಾಗಾದ್ರೆ ಅವರಿಗೇ ಹೇಳು, ನಿನ್ನ ಅಪ್ಪ ಬರುವ ಪ್ರವಾಸದಲ್ಲಿ ತಪ್ಪು ಆಗದೆ ಇರ್ಲಿಕ್ಕೆ ಸಾಧ್ಯ ಇಲ್ಲ ಅಂತ."

ನನ್ನ ಹೆಸರು ಲತೇಶ್. ವಯಸ್ಸು ಹದಿನೇಳು. ಹನ್ನೊಂದನೆಯ ತರಗತಿಯ ನಡುವೆಯೇ ಶಾಲೆ ಬಿಟ್ಟೆ. ಭೌತಶಾಸ್ತ್ರ ನನ್ನನ್ನು ಬಿಟ್ಟಿತೋ ನಾನು ಅದನ್ನು ಬಿಟ್ಟೆನೋ, ಈಗ ಇಬ್ಬರೂ ನೆಮ್ಮದಿಯಾಗಿದ್ದೇವೆ. ಆದರೆ ವೇಳಾಪಟ್ಟಿಗಳೆಂದರೆ ನನಗೆ ಪ್ರಾಣ. ವಿಮಾನದ್ದು, ರೈಲಿನದು, ಹಡಗಿನದು, ಯಾವುದು ಸಿಕ್ಕಿದರೂ ಊಟ ಬಿಟ್ಟು ಓದುತ್ತೇನೆ. ಹಾಗಾಗಿ ಮಸ್ಕತ್ತಿನ ಅಲ್ ಅಜೈಬಾದಲ್ಲಿ, ನಮ್ಮ ಮನೆಯ ಹತ್ತಿರವೇ ಇರುವ ಪ್ಯಾಟ್ರಿಷಿಯಾ ಆಂಟಿಯ ಟ್ರಾವೆಲ್ ಆಫೀಸಿನಲ್ಲಿ ಕೆಲಸ ಕೇಳಲು ಹೋದೆ. ಆಂಟಿ ಮಂಗಳೂರಿನವರು. ಅವರ ಕನ್ನಡಕ ಯಾವಾಗಲೂ ಮೂಗಿನ ತುದಿಯಲ್ಲಿರುತ್ತದೆ, ಮಾತು ನಾಲಗೆಯ ತುದಿಯಲ್ಲಿ.

"ವೇಳಾಪಟ್ಟಿ ಓದ್ಲಿಕ್ಕೆ ಕಂಪ್ಯೂಟರ್ ಉಂಟು ಮಾರಾಯ. ಕೌಂಟರಿಗೆ ಬೇಕಾದ್ದು ಬಾಯಿ. ನಿನಗೆ ಅದು ಉಂಟಾ?"

ಉಂಟು ಎಂದು ತಲೆಯಾಡಿಸಿದೆ. ಬಾಯಿ ತೆರೆಯಲಿಲ್ಲ.

ಆಂಟಿ ನಿಟ್ಟುಸಿರು ಬಿಟ್ಟು ಒಂದು ಷರತ್ತು ಹಾಕಿದರು. ಆಗಷ್ಟೇ ನಮ್ಮ ಮನೆಯವರು ಅವರ ಬಳಿಯೇ ಹಡಗಿನ ಪ್ರವಾಸವೊಂದನ್ನು ಬುಕ್ ಮಾಡಿದ್ದರು. ಅಮ್ಮನ ಗೆಳತಿ ರತ್ನಪ್ರಭಾ ಆಂಟಿ ಅಂಥದೇ ಹಡಗಿನಲ್ಲಿ ಹೋಗಿಬಂದು ತುಳು ಬಳಗದ ಪ್ರತಿ ಸಮಾರಂಭದಲ್ಲೂ ಆರುನೂರ ನಲವತ್ತು ಫೋಟೋ ತೋರಿಸುತ್ತಿದ್ದುದೇ ಅದಕ್ಕೆ ಮೂಲ ಕಾರಣ. ಹಡಗು ಹೊರಡುವುದು ಪೋರ್ಚುಗಲ್ಲಿನ ಲಿಸ್ಬನ್ ನಗರದಿಂದ. ಹಡಗು ಹತ್ತುವ ಮೊದಲು ಊರು ನೋಡಲು ಅರ್ಧ ದಿನ ಸಿಗುತ್ತದೆ.

"ಆ ಅರ್ಧ ದಿನ ನಿನ್ನದು. ನಿನ್ನ ಮನೆಯವರನ್ನು ನೀನೇ ಸುತ್ತಿಸಿ, ನೀನೇ ಹಡಗು ಹತ್ತಿಸು. ಬೋರ್ಡಿಂಗ್ ಮೂರೂವರೆಗೆ ಖಲಾಸ್. 'ಆಂಟಿ, ಹೀಗಾಯ್ತು, ಹಾಗಾಯ್ತು' ಅಂತ ನನಗೆ ಒಂದೇ ಒಂದು ಫೋನ್ ಬರ್ಬಾರ್ದು. ಬರದಿದ್ರೆ ಕೆಲಸ ನಿನ್ನದು. ಬಂದ್ರೆ ಮತ್ತೆ ಭೌತಶಾಸ್ತ್ರ!"

ಆ ಕೊನೆಯ ಪದವೇ ಸಾಕಾಯಿತು. ಮನೆಗೆ ಬಂದವನೇ ಫೈಲ್ ತಯಾರಿಸಲು ಕುಳಿತೆ. ಹದಿನಾಲ್ಕು ಪುಟ, ಪ್ರತಿ ಪುಟಕ್ಕೂ ಪ್ಲಾಸ್ಟಿಕ್ ಕವರ್, ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡೂವರೆಯವರೆಗೆ ನಿಮಿಷ ನಿಮಿಷದ ಲೆಕ್ಕ. ಮೂತ್ರಕ್ಕೆ ಹೋಗಲು ಕೂಡ ಮೂರು ಕಡೆ ತಲಾ ನಾಲ್ಕು ನಿಮಿಷ ಮಂಜೂರಾಗಿತ್ತು. ಎಲ್ಲಕ್ಕೂ ಉತ್ತರವಿದ್ದ ಆ ಫೈಲಿನಲ್ಲಿ ಉತ್ತರವಿಲ್ಲದ ಪ್ರಶ್ನೆ ಒಂದೇ: ಅಪ್ಪ.

ನನ್ನ ಅಪ್ಪ ಬೋಜ ಅವರು ಮಸ್ಕತ್ತಿನ ಎ.ಸಿ. ಕಂಪನಿಯೊಂದರಲ್ಲಿ ಸ್ಟೋರ್ ಇನ್‌ಚಾರ್ಜ್. ಒಮಾನಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಈ ಅವಧಿಯಲ್ಲಿ ಅವರ ಪಾದಗಳು ಒಮಾನಿನ ನೆಲವನ್ನು ಮುಟ್ಟಿದ್ದು ಬಹಳ ಕಡಿಮೆ. ಮನೆಯಿಂದ ಕಾರಿಗೆ, ಕಾರಿನಿಂದ ಆಫೀಸಿಗೆ, ಆಫೀಸಿನಿಂದ ಕಾರಿಗೆ! ಸಂಜೆ ಐದೂವರೆಗೆ ಪ್ಯಾಟ್ರಿಷಿಯಾ ಆಂಟಿಯ ಆಫೀಸಿಗೆ ತಾಗಿಕೊಂಡೇ ಇರುವ ಕೆಫೆಟೇರಿಯಾದ ಮುಂದೆ ಕಾರು ನಿಲ್ಲಿಸುತ್ತಾರೆ. ಇಳಿಯುವುದಿಲ್ಲ. ಇಳಿಯುವವರು ಅಲ್ಲಿ ಯಾರೂ ಇಲ್ಲ. ಹಾರ್ನ್ ಹೊಡೆದರೆ ಸಾಕು, ಕರಕ್ ಎಂಬ ಗಟ್ಟಿ ಹಾಲಿನ ಚಹಾ ಕಾರಿನ ಕಿಟಕಿಗೇ ಬರುತ್ತದೆ. ಅಪ್ಪನಿಗೂ ಆ ಕೆಫೆಟೇರಿಯಾದವರಿಗೂ ಒಂದು ಗುಪ್ತ ಸಂಕೇತವೇ ಇದೆ. ಎಷ್ಟು ಗಿಡ್ಡ ಹಾರ್ನೋ ಅಷ್ಟು ಕಪ್ ಚಹಾ. ಕೊನೆಗೆ ಒಂದು ಉದ್ದ ಹಾರ್ನ್ ಎಂದರೆ ಅದರಲ್ಲಿ ಒಂದಕ್ಕೆ ಸಕ್ಕರೆ ಬೇಡ. ಅಪ್ಪನಿಗೆ ಶುಗರ್ ಇರುವುದರಿಂದ ಅಪ್ಪ ಮತ್ತು ಅಮ್ಮನ ಆರ್ಡರ್ ಎಂದೆಂದಿಗೂ ಎರಡು ಗಿಡ್ಡ, ಒಂದು ಉದ್ದ.

ಇಂಥವರನ್ನು ಲಿಸ್ಬನ್ನಿನಲ್ಲಿ ನಡೆಸಬೇಕಲ್ಲ! ನಾನು ಎಚ್ಚರ ತಪ್ಪುವವನಲ್ಲ. ಹೊರಡುವ ಹಿಂದಿನ ವಾರ ಬೌಷರ್ ಬಡಾವಣೆಯ ದೊಡ್ಡ ಮಾಲ್ ಒಂದರಲ್ಲಿ ಇಡೀ ಪ್ರವಾಸದ ತಾಲೀಮು ನಡೆಸಿದೆ. ಕಾರಂಜಿಯೇ ಲಿಸ್ಬನ್ನಿನ ಚೌಕ, ಶೂ ಅಂಗಡಿಯೇ ಇಗರ್ಜಿ, ಎರಡನೆಯ ಮಹಡಿಯ ಫುಡ್ ಕೋರ್ಟೇ ಬೆಟ್ಟದ ಮೇಲಿನ ಕೋಟೆ.

"ಅಣ್ಣಾ, ಇಟ್ಸ್ ಜಸ್ಟ್ ಎ ಮಾಲ್," ಎಂದಳು ಹನ್ನೊಂದು ವರ್ಷದ ನನ್ನ ತಂಗಿ ಅಕ್ಷಿತಾ.

"ಇದು ಕೋಟೆ. ಹತ್ತು."

ಅಪ್ಪ ಎಸ್ಕಲೇಟರಿನ ಮೇಲೆ ವೀರನಂತೆ ನಿಂತು ನಲವತ್ತು ಸೆಕೆಂಡಿನಲ್ಲಿ ಕೋಟೆ ತಲುಪಿದರು. "ಇಷ್ಟೇನಾ? ಇದಕ್ಕೆ ಹೆದರಿಸ್ತಿದ್ದೆಯಾ ನೀನು? ಯಲ್ಲಾ, ಐಸ್‌ಕ್ರೀಂ ತೆಗೊಳ್ಳಿ!" ನಾನು ಫೈಲಿನಲ್ಲಿ ಬರೆದುಕೊಂಡೆ: 'ಕೋಟೆ ಹತ್ತಲು ನಲವತ್ತು ಸೆಕೆಂಡ್.' ಮುಂಜಾಗ್ರತೆಗಾಗಿ ಅದನ್ನು ಹತ್ತು ನಿಮಿಷ ಮಾಡಿದೆ. ಎಷ್ಟೆಂದರೂ ಯುರೋಪ್ ಅಲ್ಲವೇ!

ಲಿಸ್ಬನ್ ತಲುಪಿದ್ದು ಸಂಜೆ. ಹಳೆಯ ಊರಿನ ಕಿರಿದಾದ ಓಣಿಯೊಂದರಲ್ಲಿ ಮೂರನೆಯ ಮಹಡಿಯ ಕೋಣೆ. ಲಿಫ್ಟ್ ಇಲ್ಲ, ಅರವತ್ತೆರಡು ಮೆಟ್ಟಿಲು. ನಾಲ್ಕು ಸೂಟ್‌ಕೇಸ್‌ಗಳ ಜತೆಗೆ ನೈಲಾನ್ ಹಗ್ಗ ಬಿಗಿದು ಆರೂ ಮುಖಗಳ ಮೇಲೆ 'ಬೋಜ, ಮಸ್ಕತ್' ಎಂದು ಮಾರ್ಕರಿನಲ್ಲಿ ಬರೆದ ಒಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಏನಿದೆಯೆಂದು ಅಮ್ಮ ಯಾರಿಗೂ ಹೇಳಿರಲಿಲ್ಲ. ವಾಸನೆ ಹೇಳುತ್ತಿತ್ತು: ಒಣಮೀನು.

ಮರುದಿನ ಒಂಬತ್ತಕ್ಕೆ ಸರಿಯಾಗಿ ಕೋಟೆಯ ಕಡೆ ಹೊರಟೆವು. ಬೆಟ್ಟ ನಿಜವಾದ ಬೆಟ್ಟವಾಗಿತ್ತು. ಅದಕ್ಕೆ ಎಸ್ಕಲೇಟರ್ ಇರಲಿಲ್ಲ. ಶತಮಾನಗಳಿಂದ ಸವೆದು ಕನ್ನಡಿಯಾದ ಕಲ್ಲಿನ ಹಾಸು ಬೇರೆ. ಅಪ್ಪ ಪ್ರತಿ ಹತ್ತು ಹೆಜ್ಜೆಗೊಮ್ಮೆ ಯಾರದೋ ಮನೆಯ ಹೊಸ್ತಿಲ ಮೇಲೆ ಕುಳಿತು ಆ ಮನೆಯವರಿಗೆ ನಮಸ್ಕಾರ ಹೇಳಿದರು. ಹತ್ತು ನಿಮಿಷದ ಕೋಟೆಗೆ ಒಂದು ಗಂಟೆ ಐವತ್ತು ನಿಮಿಷ ಹಿಡಿಯಿತು!

ಮೇಲೆ ನಿಂತು ಅಪ್ಪ ಸುತ್ತ ನೋಡಿದರು. ಕೆಂಪು ಹೆಂಚಿನ ಮನೆಗಳು, ಸಮುದ್ರದಷ್ಟು ಅಗಲದ ನದಿ, ದೂರದಲ್ಲಿ ಸೇತುವೆ.

"ಈ ಪೋರ್ಚುಗೀಸರು ನಮ್ಮ ಮಸ್ಕತ್ತಿನಲ್ಲೂ ಎರಡು ಕೋಟೆ ಕಟ್ಟಿದ್ದಾರಲ್ಲ?" ಎಂದರು ಏದುಸಿರಿನಲ್ಲಿ.

"ಹೌದು ಅಪ್ಪ, ಫೈಲಿನ ಆರನೇ ಪುಟದಲ್ಲಿ..."

"ಅದು ಕಾರಲ್ಲಿ ಕೂತ್ರೂ ಕಾಣ್ತದೆ. ಅಷ್ಟು ಬುದ್ಧಿ ಇದ್ದ ಜನ ಸ್ವಂತ ಊರಲ್ಲಿ ಯಾಕೆ ಹೀಗೆ ಮಾಡಿದ್ರು?"

"ನಡೀರಿ ಸಾಕು," ಎಂದರು ಅಮ್ಮ. "ಇಪ್ಪತ್ತೆರಡು ವರ್ಷ ಕೂತ ಕಾಲು, ಒಂದು ದಿನ ನಡೆದ್ರೆ ಎಂತ ಆಗ್ತದೆ? ರತ್ನಪ್ರಭಾ ಹೈ ಹೀಲ್ಸ್ ಹಾಕಿ ಹತ್ತಿದ್ದಾಳಂತೆ."

ಪಟ್ಟಿಯಿಂದ ಚೌಕ ಹೋಯಿತು, ಇಗರ್ಜಿ ಹೋಯಿತು, ಮೂತ್ರದ ಹನ್ನೆರಡು ನಿಮಿಷಗಳೂ ಹೋದವು. ಕುಳಿತೇಳುತ್ತ ಕೋಟೆ ಸುತ್ತಿ ಬಂದು, ಬಾಗಿಲಲ್ಲೇ ಬೆಂಚಿನ ಮೇಲೆ ಚಪಾತಿ, ಚಟ್ನಿಪುಡಿ ಮುಗಿಸುವಾಗ ಗಂಟೆ ಒಂದೂವರೆ. ಅಪ್ಪ ಇನ್ನು ಒಂದು ಹೆಜ್ಜೆಯನ್ನೂ ಇಡುವುದಿಲ್ಲವೆಂದು ಘೋಷಿಸಿದರು. ಮನುಷ್ಯರ ಮುಂದೆಯೇ ಘೋಷಿಸಿದರು.

ಆಗ ಬಂತು ಒಂದು ಮೂರು ಚಕ್ರದ ವಾಹನ.

"ರಿಕ್ಷಾ!" ಅಪ್ಪ ಅಮ್ಮನ ತೋಳು ಹಿಡಿದು ಮಗುವಿನಂತೆ ಕೂಗಿದರು. "ಸ್ವರ್ಣಾ, ರಿಕ್ಷಾ ನೋಡೇ!"

ಲಿಸ್ಬನ್ನಿನಲ್ಲಿ ಪ್ರವಾಸಿಗರನ್ನು ಸುತ್ತಿಸುವ ಬ್ಯಾಟರಿ ರಿಕ್ಷಾ ಅದು. ಓಡಿಸುತ್ತಿದ್ದವಳು ಆಂಡ್ರಿಯಾ ಎಂಬ ಗಟ್ಟಿಮುಟ್ಟಾದ ಹುಡುಗಿ. ನಾನು ಕೋಣೆಯ ವಿಳಾಸದ ಹಾಳೆಯನ್ನೂ ಹಡಗಿನ ಚಿತ್ರದ ಹಾಳೆಯನ್ನೂ ಅವಳ ಮುಂದೆ ಹಿಡಿದೆ. ಅವಳು ಹೆಬ್ಬೆರಳು ಎತ್ತಿದಳು. ಒಂದು ಮಾತೂ ಆಡದೆ ಕೆಲಸವಾಯಿತು. ನನಗೆ ಲಿಸ್ಬನ್ ಇಷ್ಟವಾಗತೊಡಗಿತು.

ಎರಡು ಗಂಟೆಗೆ ಕೋಣೆಯ ಕೆಳಗಿನ ಬೀದಿಯಲ್ಲಿದ್ದೆವು. ಬೀದಿಯ ನಡುವೆ ಟ್ರ್ಯಾಮ್ ಹಳಿ. ಬದಿಯಲ್ಲಿ ಒಂದು ಕಾಫಿ ಅಂಗಡಿ, ಅದರ ಮುಂದೆ ನಿಂತ ಒಂದು ವ್ಯಾನು. ವ್ಯಾನಿನ ಹಿಂದೆ ಆಂಡ್ರಿಯಾ ರಿಕ್ಷಾ ನಿಲ್ಲಿಸಿ, "ಬ್ಯಾಗ್ಸ್? ಐ ಹೆಲ್ಪ್," ಎಂದು ನನ್ನ ಜತೆ ಮೆಟ್ಟಿಲು ಹತ್ತಿದಳು. ರಿಕ್ಷಾದಲ್ಲಿ ಅಪ್ಪ, ಅಮ್ಮ, ಅಕ್ಷಿತಾ. ರಿಕ್ಷಾದ ಕೀಲಿ ಕೂಡ ಅದರಲ್ಲೇ. ನನ್ನ ಹದಿನಾಲ್ಕು ಪುಟಗಳಲ್ಲಿ 'ಅಪ್ಪನ ಕೈಗೆ ಹಾರ್ನ್ ಸಿಗದಂತೆ ನೋಡಿಕೊಳ್ಳುವುದು' ಎಂಬ ಅಂಶ ಎಲ್ಲೂ ಇರಲಿಲ್ಲ.

ಮೂರನೆಯ ಮಹಡಿಯಲ್ಲಿ ಪೆಟ್ಟಿಗೆಗೆ ಕೈ ಹಾಕಿದ್ದೆನಷ್ಟೆ. ಕೆಳಗಿನಿಂದ ಕೇಳಿಸಿತು.

ಪೀಂ. ಪೀಂ. ಪೀಂಂಂಂಂ!

ಆ ಹಾರ್ನನ್ನು ನಾನು ಪ್ರಪಂಚದ ಯಾವ ಮೂಲೆಯಲ್ಲೂ ಗುರುತಿಸಬಲ್ಲೆ. ಎರಡು ಗಿಡ್ಡ, ಒಂದು ಉದ್ದ. ಕಿಟಕಿಗೆ ಓಡಿದೆ. ಅಪ್ಪ ಹಿಂದೆ ಬಿಸಿಲೆಂದು ಡ್ರೈವರ್ ಸೀಟಿಗೆ ಬಂದಿದ್ದರು. ಕಾಫಿ ಅಂಗಡಿಯ ಕಡೆಗೆ ಪ್ರಸನ್ನ ಮುಖದಿಂದ ನೋಡುತ್ತಿದ್ದರು.

ಯಾರೂ ಬರಲಿಲ್ಲ. ಅಪ್ಪ ಆರ್ಡರನ್ನು ಪುನರುಚ್ಚರಿಸಿದರು. ಪೀಂ, ಪೀಂ, ಪೀಂಂಂಂಂ! ಎದುರು ಮನೆಯ ಎರಡು ಕಿಟಕಿ ತೆರೆದವು. ಒಬ್ಬ ಅಜ್ಜಿ ಪೋರ್ಚುಗೀಸಿನಲ್ಲಿ ಏನೋ ಕೂಗಿದಳು. ಅಪ್ಪ ಅವಳಿಗೆ ಎರಡು ಬೆರಳು ತೋರಿಸಿ, "ಟೂ! ಒನ್ ನೋ ಶುಗರ್!" ಎಂದರು.

ಅಂಗಡಿಯಿಂದ ದಪ್ಪ ಮೀಸೆಯ ಮಾಲೀಕ ಓಡಿಬಂದ. ಎದುರಿಗಿರುವ ತನ್ನ ವ್ಯಾನು ಅಡ್ಡವಾಗಿದೆ, ಅದಕ್ಕೇ ಈ ರಿಕ್ಷಾದವನು ಹಾರ್ನ್ ಹೊಡೆಯುತ್ತಿದ್ದಾನೆ ಎಂದುಕೊಂಡ ಪಾಪ! ಕೈ ಜೋಡಿಸಿ ಕ್ಷಮೆ ಕೇಳಿ, ವ್ಯಾನು ಹತ್ತಿ ಅವಸರದಲ್ಲಿ ತಿರುಗಿಸಹೋದ. ವ್ಯಾನು ಹಳಿಯ ಮೇಲೆ ಅಡ್ಡಡ್ಡ ಬಂದು ನಿಂತು, ಒಮ್ಮೆ ಕೆಮ್ಮಿ ಸತ್ತಿತು.

ಅಷ್ಟರಲ್ಲಿ ಹಿಂದಿನಿಂದ ಹಳದಿ ಟ್ರ್ಯಾಮ್ ಬಂತು, ತುಂಬಿ ತುಳುಕುತ್ತ. ಠಣ್ ಠಣ್ ಎಂದು ಗಂಟೆ ಬಾರಿಸಿತು. ಅಪ್ಪ ಹಿಂತಿರುಗಿ ನೋಡಿದರು. ಅವರಿಗೆ ಎಲ್ಲವೂ ಅರ್ಥವಾಯಿತು.

"ನೋಡು ಸ್ವರ್ಣಾ, ಹಿಂದೆ ಬಂದವರೂ ಚಾ ಆರ್ಡರ್ ಮಾಡ್ತಿದ್ದಾರೆ. ಅಷ್ಟು ಜನರದ್ದು ಮೊದಲು ಹೋದ್ರೆ ನಮ್ಮದು ಸಿಕ್ಕಿದ ಹಾಗೆಯೇ!"

ಸರದಿ ತಪ್ಪದಿರಲೆಂದು ಮತ್ತೆ ಪೀಂ, ಪೀಂ. ಟ್ರ್ಯಾಮ್ ಠಣ್ ಠಣ್. ಅಪ್ಪ ಪೀಂಂಂ. ಟ್ರ್ಯಾಮ್ ಠಠಠಣ್! ಬೀದಿಯ ನಾಯಿಗಳು ಕೂಡ ಆರ್ಡರ್ ಕೊಡತೊಡಗಿದವು.

ನಾನು ಪೆಟ್ಟಿಗೆ ಅಪ್ಪಿಕೊಂಡು ಅರವತ್ತೆರಡು ಮೆಟ್ಟಿಲುಗಳನ್ನು ಇಳಿದು ಬಂದಾಗ ಗಂಟೆ ಎರಡೂ ಇಪ್ಪತ್ತು. ಮುಂದೆ ಸತ್ತ ವ್ಯಾನು, ಹಿಂದೆ ಜೀವಂತ ಟ್ರ್ಯಾಮ್, ನಡುವೆ ನಮ್ಮ ರಿಕ್ಷಾ.

"ಅಪ್ಪಾ! ಎಂತ ಮಾಡಿದ್ರಿ?"

"ನಾನೆಂತ ಮಾಡಿದ್ದು? ಇಲ್ಲಿನ ಸರ್ವಿಸ್ ಸರಿ ಇಲ್ಲ."

"ದಿಸ್ ಇಸ್ ಸೋ ಎಂಬರಾಸಿಂಗ್," ಎನ್ನುತ್ತ ಅಕ್ಷಿತಾ ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದಳು. ಅಮ್ಮ ಮಾತ್ರ ಅಲ್ಲಿರಲಿಲ್ಲ. ನೋಡಿದರೆ ವ್ಯಾನಿನ ಹಿಂಬಾಗಿಲಿನ ಬಳಿ ನಿಂತಿದ್ದಾರೆ. ಒಳಗೆ ಹಲಗೆಯಷ್ಟು ದೊಡ್ಡ ಉಪ್ಪು ಹಾಕಿದ ಒಣಮೀನುಗಳ ರಾಶಿ! ಮೀಸೆಯವನು ಬಾನೆಟ್ಟಿನೊಳಗೆ ತಲೆ ಹಾಕಿದ್ದಾನೆ, ಅಮ್ಮ ಮೀನಿನೊಳಗೆ.

"ಅಮ್ಮಾ, ಹಡಗು!"

"ಹಡಗು ಎಲ್ಲಿಗೆ ಹೋಗ್ತದೆ? ಈ ಮೀನು ನೋಡು ಮಾರಾಯ, ಊರಿನ ಒಣಮೀನಿನ ದೊಡ್ಡಪ್ಪ!"

ಎರಡೂ ಮುಕ್ಕಾಲು. ವ್ಯಾನು ಮಿಸುಕಲಿಲ್ಲ. ಇಳಿಜಾರಿನ ಬೀದಿಯ ತುದಿಯಲ್ಲಿ, ಎರಡು ಮನೆಗಳ ನಡುವಿನ ಸಂದಿಯಲ್ಲಿ, ನಮ್ಮ ಬಿಳಿ ಹಡಗು ಕಾಣುತ್ತಿತ್ತು. ಅಣಕಿಸುವ ಹಾಗೆ ಕಾಣುತ್ತಿತ್ತು.

ಕೊನೆಗೆ ಅಮ್ಮನೂ ಗಾಬರಿಯಾದರು. "ಪ್ಯಾಟ್ರಿಷಿಯಾಗೆ ಒಂದು ಫೋನ್ ಮಾಡು. ಅವಳು ಹಡಗಿನವರಿಗೆ ಹೇಳ್ತಾಳೆ."

"ಮಾಡುವುದಿಲ್ಲ."

"ಹಾಗಾದ್ರೆ ಎಂತ ಮಾಡ್ತಿ? ಫ್ರಿಜ್ಜಿಗೆ ಹೇಳ್ತೀಯಾ?"

ಉತ್ತರ ನನಗೆ ಗೊತ್ತಿತ್ತು, ಅದೇ ಭಯ. ವ್ಯಾನನ್ನು ತಳ್ಳಬೇಕು. ತಳ್ಳಲು ಜನ ಬೇಕು. ಜನ ಟ್ರ್ಯಾಮಿನಲ್ಲಿದ್ದಾರೆ. ಅವರನ್ನು ಕರೆಯಬೇಕು. ಬಾಯಿಯಿಂದ! ಟ್ರ್ಯಾಮಿನ ಮೆಟ್ಟಿಲು ಹತ್ತಿದೆ. ಐವತ್ತು ಮುಖಗಳು ನನ್ನತ್ತ ತಿರುಗಿದವು. ಇಂಗ್ಲಿಷಿನಲ್ಲಿ ಒಂದು ಸಭ್ಯ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. 'ಮಾನ್ಯರೇ, ತಮಗೆ ತೊಂದರೆ ಕೊಡುತ್ತಿರುವುದಕ್ಕೆ ವಿಷಾದಿಸುತ್ತೇನೆ' ಎಂದು ಅದರ ಆರಂಭ. ಬಾಯಿ ತೆರೆದೆ. ಹುಟ್ಟಿದಂದಿನಿಂದ ಮಸ್ಕತ್ತಿನಲ್ಲಿ ಕೇಳುತ್ತ ಬಂದ, 'ನಡೀರಿ, ಬೇಗ' ಎಂದು ಅರ್ಥ ಬರುವ ಒಂದೇ ಒಂದು ಅರಬ್ಬಿ ಪದ ಗಂಟಲು ಸೀಳಿಕೊಂಡು ಹೊರಬಂತು.

"ಯಲ್ಲಾ!"

ಟೋಪಿ ಹಾಕಿದ ಒಬ್ಬ ತಾತ ಎದ್ದು ತೋಳು ಮಡಚಿದ. ಅವನ ಹಿಂದೆ ಇಬ್ಬರು, ಅವರ ಹಿಂದೆ ಹತ್ತು ಮಂದಿ. ನೋಡನೋಡುತ್ತಿದ್ದಂತೆ ಇಡೀ ಟ್ರ್ಯಾಮ್ ಖಾಲಿ! ಯಾವ ಯಾವ ದೇಶದವರೋ, ಎಲ್ಲರೂ ವ್ಯಾನಿಗೆ ಭುಜ ಕೊಟ್ಟರು. ನಾನು "ಯಲ್ಲಾ!" ಎಂದೆ, ಅವರೂ "ಯಲ್ಲಾ!" ಎಂದರು. ಟ್ರ್ಯಾಮಿನ ಚಾಲಕನೂ ಇಳಿದ. ಎದುರು ಮನೆಯ ಅಜ್ಜಿಯೂ ಇಳಿದಳು. ಅಪ್ಪ ಮಾತ್ರ ಇಳಿಯಲಿಲ್ಲ. ಕುಳಿತಲ್ಲಿಂದಲೇ ಹಾರ್ನ್ ಹೊಡೆದು ಹುರಿದುಂಬಿಸಿದರು.

ವ್ಯಾನು ನರಳಿ ಬದಿಗೆ ಸರಿಯಿತು. ಬೀದಿಯೆಲ್ಲ ಚಪ್ಪಾಳೆ! ಟ್ರ್ಯಾಮ್ ಠಣ್ ಎಂದು ವಂದಿಸಿ ಮುಂದೆ ಹೋಯಿತು. ಮೀಸೆಯವನು ಒಳಗೆ ಓಡಿ, ಎರಡು ಪುಟ್ಟ ಕಪ್ಪುಗಳಲ್ಲಿ ಕಪ್ಪು ಕಾಫಿ ತಂದು, ನೇರವಾಗಿ ರಿಕ್ಷಾದೊಳಗೆ ಅಪ್ಪನ ಕೈಗೇ ಕೊಟ್ಟ.

ಅಪ್ಪ ಒಂದು ಗುಟುಕು ಹೀರಿ ನನ್ನತ್ತ ವಿಜಯದ ನಗೆ ಬೀರಿದರು. "ನೋಡಿದ್ಯಾ? ಹಾರ್ನ್ ಹೊಡೆದ್ರೆ ಎಲ್ಲಿಯಾದ್ರೂ ಬರ್ತದೆ. ಇಲ್ಲಿ ಸ್ವಲ್ಪ ಲೇಟ್, ಅಷ್ಟೇ. ಸಕ್ಕರೆ ಸಹ ಹಾಕ್ಲಿಲ್ಲ, ಪಾಪ."

ಗಂಟೆ ಮೂರೂ ಎಂಟು. ಅಷ್ಟರಲ್ಲಿ ಆಂಡ್ರಿಯಾ ಸೂಟ್‌ಕೇಸ್‌ಗಳನ್ನೆಲ್ಲ ತಂದು ಏರಿಸಿಯಾಗಿತ್ತು. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

"ವೈ ಯು ವೇಟ್? ಶಿಪ್ ಇಸ್ ದೇರ್." ಬೀದಿಯ ತುದಿಗೆ ಬೆರಳು ತೋರಿಸಿದಳು. "ವಾಕಿಂಗ್, ಸೆವೆನ್ ಮಿನಿಟ್ಸ್. ಆಲ್ ಡೌನ್."

ನಾವು ನಾಲ್ವರೂ ಮುಖ ಮುಖ ನೋಡಿಕೊಂಡೆವು. ಏಳು ನಿಮಿಷ. ಇಳಿಜಾರು. ಸೂಟ್‌ಕೇಸ್‌ಗಳಿಗೆ ಚಕ್ರಗಳೂ ಇದ್ದವು. ಕಣ್ಣೆದುರೇ ಹಡಗು ನಿಂತಿತ್ತು. ಆದರೂ ಮುಕ್ಕಾಲು ಗಂಟೆಯ ಆ ಮಹಾಸಂಕಟದಲ್ಲಿ, ನಡೆದು ಹೋಗಬಹುದು ಎಂಬ ಯೋಚನೆ ಮಸ್ಕತ್ತಿನಿಂದ ಬಂದ ನಾಲ್ಕು ತಲೆಗಳಲ್ಲಿ ಒಂದಕ್ಕೂ ಹೊಳೆದಿರಲಿಲ್ಲ! ಅಪ್ಪನನ್ನು ಬೈಯಲು ತೆರೆದ ಬಾಯನ್ನು ನಾನು ಮುಚ್ಚಿಕೊಂಡೆ. ಫೈಲ್ ಬರೆದವನು ನಾನು. ಹದಿನಾಲ್ಕು ಪುಟಗಳಲ್ಲಿ ಹಡಗಿಗೆ ಹೋಗುವ ದಾರಿಯನ್ನು 'ವಾಹನದಲ್ಲಿ, ನಾಲ್ಕು ನಿಮಿಷ' ಎಂದು ಬರೆದವನೂ ನಾನೇ.

ಮೂರೂ ಹದಿನೆಂಟಕ್ಕೆ ಹಡಗು ಹತ್ತಿದೆವು. ಐದಕ್ಕೆ ಹಡಗು ಭೋಂ ಎಂದು ಒಂದು ನಿಮಿಷ ಕೂಗಿತು. ಅಪ್ಪ ಡೆಕ್ಕಿನ ಕುರ್ಚಿಯಲ್ಲಿ ಕಾಲು ಚಾಚಿ ಹೇಳಿದರು, "ಒಂದೇ ಉದ್ದ. ಪಾಪ, ಇವನಿಗೂ ಶುಗರ್."

ನಾನು ಎದೆಯುಬ್ಬಿಸಿ ಪ್ಯಾಟ್ರಿಷಿಯಾ ಆಂಟಿಗೆ ಸಂದೇಶ ಕಳಿಸಿದೆ: 'ಎಲ್ಲರೂ ಹಡಗಿನಲ್ಲಿದ್ದೇವೆ. ಒಂದು ಫೋನ್ ಕೂಡ ಮಾಡಲಿಲ್ಲ.'

ಉತ್ತರ ತಕ್ಷಣ ಬಂತು: 'ಫೋನ್ ಬರಲಿಲ್ಲ ನಿಜ. ಅಕ್ಷಿತಾ ಕಳಿಸಿದ ಒಂಬತ್ತು ವಿಡಿಯೋ ಬಂದಿದೆ. ರತ್ನಪ್ರಭಾಗೂ ಬಂದಿದೆಯಂತೆ. ಮಸ್ಕತ್ತಿಗೆ ಬಂದ ಮೇಲೆ ಭಾನುವಾರ ಆಫೀಸಿಗೆ ಬಾ.'

ಹತ್ತು ದಿನ ನನಗೆ ಹಡಗಿನ ಊಟ ರುಚಿಸಲಿಲ್ಲ. ಭಾನುವಾರ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಭೌತಶಾಸ್ತ್ರಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು, ಫೈಲನ್ನು ಕಂಕುಳಲ್ಲಿಟ್ಟು ಹೋದೆ.

ಆಂಟಿ ಕನ್ನಡಕದ ಮೇಲಿನಿಂದ ನೋಡಿದರು. "ಒಂದು ಶಬ್ದದಲ್ಲಿ ಇಡೀ ಟ್ರ್ಯಾಮ್ ಇಳಿಸಿದವ ನೀನು. ಕೆಲಸ ನಿನ್ನದೇ."

"ಥ್ಯಾಂಕ್ಯೂ ಆಂಟಿ! ಕೌಂಟರಿನಲ್ಲಿ ಎಲ್ಲಿ ಕೂತ್ಕೊಳ್ಳಲಿ?"

"ಕೂತ್ಕೊಳ್ಳುದಾ? ನನ್ನ ಗಿರಾಕಿಗಳು ಯಾರೂ ಕಾರಿನಿಂದ ಇಳಿಯುದಿಲ್ಲ ಮಾರಾಯ. ಹೊರಗೆ ನಿಂತು ಹಾರ್ನ್ ಹೊಡೀತಾರೆ. ಓಡಿ ಹೋಗಿ ಏನು ಬೇಕು ಕೇಳಿಕೊಂಡು ಬಾ. ನಿನ್ನಷ್ಟು ಅನುಭವ ಯಾರಿಗುಂಟು?"

ಅಂದು ಬೆಳಿಗ್ಗೆಯಿಂದ ಇಪ್ಪತ್ತಮೂರು ಕಾರುಗಳಿಗೆ ಓಡಿದೆ. ಬಾಯಿ ತೆರೆದು ಮಾತಾಡಿದೆ, ಫೈಲಿನ ಮೇಲೆ ಹಾಳೆ ಇಟ್ಟು ಬರೆದುಕೊಂಡೆ. ಸಂಜೆ ಐದೂವರೆಗೆ ಇಪ್ಪತ್ತನಾಲ್ಕನೆಯ ಹಾರ್ನ್ ಕೇಳಿ ಅರ್ಧ ದಾರಿ ಓಡಿದ ಮೇಲೆ ನೆನಪಾಯಿತು, ಇದು ಎರಡು ಗಿಡ್ಡ, ಒಂದು ಉದ್ದ.

ಕಾರಿನ ಗಾಜು ಎರಡು ಇಂಚು ಇಳಿಯಿತು.

"ಅಪ್ಪಾ, ನಾನು ಟ್ರಾವೆಲ್ಸಿನವನು. ಚಾ ಪಕ್ಕದ ಅಂಗಡಿಯಲ್ಲಿ."

"ಗೊತ್ತುಂಟು. ಆದ್ರೆ ಹಾರ್ನಿಗೆ ಓಡಿ ಬಂದದ್ದು ನೀನಲ್ವಾ? ಎರಡು, ಒಂದಕ್ಕೆ ಸಕ್ಕರೆ ಬೇಡ. ಯಲ್ಲಾ!"

ತಂದುಕೊಟ್ಟೆ. ಟ್ರೇ ಇರಲಿಲ್ಲವಾದ್ದರಿಂದ ಎರಡೂ ಕಪ್ಪುಗಳನ್ನು ನನ್ನ ಫೈಲಿನ ಮೇಲೆ ಇಟ್ಟುಕೊಂಡು ತಂದೆ. ಎಲ್ಲ ಪುಟಗಳಿಗೂ ಪ್ಲಾಸ್ಟಿಕ್ ಕವರ್ ಹಾಕಿದ್ದೆನಲ್ಲ, ಒಂದು ಹನಿಯೂ ಒಳಗೆ ಇಳಿಯಲಿಲ್ಲ!